ರಾಮ್ಸರ್ ಎಂಬ ಊರು, ಅಂಕಸಮುದ್ರ ಎಂಬ ಕೆರೆ

ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ತಾಲ್ಲೂಕುಗಳ ನಿಮಗೆ ಕಡಲು ದೂರದ ಮಾತು. ಅಲೆ ನೋಡಬೇಕೆಂದರೆ ಬಯಲುಸೀಮೆ ದಾಟಿ ಘಟ್ಟ ಇಳಿಯಬೇಕು. ಆದರೂ ಹಗರಿಬೊಮ್ಮನಹಳ್ಳಿ ತಾಲ್ಲೂಕಿನಲ್ಲಿ ಒಂದು ‘ಸಮುದ್ರ’ವಿದೆ. ಅದು ಅಂಕಸಮುದ್ರದ ಕೆರೆ. 2024ರಲ್ಲಿ ಅದಕ್ಕೆ ‘ರಾಮ್ಸರ್ ತಾಣ’ ಎಂಬ ಮನ್ನಣೆ ದೊರೆಯಿತು. ಈ ರಾಮ್ಸರ್ ಎಂದರೆ ಏನು? ಅದು ಮನುಷ್ಯನ ಹೆಸರಲ್ಲ, ಸಂಸ್ಥೆಯ ಹೆಸರೂ ಅಲ್ಲ. ಇರಾನಿನ ಕಡಲತೀರದ ಒಂದು ಪುಟ್ಟ ವಿಹಾರದ ಊರು.

ಇರಾನ್ ಎಂದೊಡನೆ ನಮ್ಮ ಕಣ್ಣಮುಂದೆ ಮರಳುಗಾಡು ಬರುತ್ತದೆ. ಆದರೆ ರಾಮ್ಸರ್ ಇರುವುದು ಕ್ಯಾಸ್ಪಿಯನ್ ಸಮುದ್ರಕ್ಕೂ ಎಲ್ಬುರ್ಜ್ ಪರ್ವತಗಳಿಗೂ ನಡುವಿನ ಕಿರಿದಾದ ಹಸಿರು ಪಟ್ಟಿಯಲ್ಲಿ. ಕಡಲಿನಿಂದ ಬರುವ ತೇವದ ಗಾಳಿಯನ್ನು ಬೆಟ್ಟಗಳು ತಡೆದು ಅಲ್ಲಿಯೇ ಮಳೆ ಸುರಿಸುತ್ತವೆ. ಹಾಗಾಗಿ ಈ ಕಡೆ ಕಾಡು, ಭತ್ತ, ಚಹಾ, ಕಿತ್ತಳೆ. ಬೆಟ್ಟದ ಆಚೆ ಒಣನೆಲ. ಪಶ್ಚಿಮ ಘಟ್ಟ ಕರಾವಳಿಯನ್ನು ತೋಯಿಸಿ ನಿಮ್ಮ ಕೂಡ್ಲಿಗಿಗೆ ಮೋಡಗಳ ನೆರಳನ್ನಷ್ಟೇ ಕಳಿಸುತ್ತದಲ್ಲವೇ, ಅದೇ ಕಥೆ.

ಈ ಊರಿನ ಹಳೆಯ ಹೆಸರು ಸಖ್ತ್‌ಸರ್. 1930ರ ದಶಕದಲ್ಲಿ ದೊರೆ ರೆಜಾ ಶಾ ಇಲ್ಲಿ ಅರಮನೆಯನ್ನೂ ದೊಡ್ಡ ಹೋಟೆಲನ್ನೂ ಕಟ್ಟಿಸಿದ. ರಾಜಧಾನಿಯ ಸಿರಿವಂತರು ಬರತೊಡಗಿದರು. 1979ರ ಕ್ರಾಂತಿಯಲ್ಲಿ ರಾಜಮನೆತನ ಹೋಯಿತು, ಪ್ರವಾಸಿಗರು ಹೋಗಲಿಲ್ಲ. ಇಲ್ಲಿನ ಬಿಸಿನೀರಿನ ಬುಗ್ಗೆಗಳು ನೆಲದಾಳದಿಂದ ರೇಡಿಯಂ ಹೊತ್ತು ತರುತ್ತವೆ. ಬುಗ್ಗೆಯ ನೀರಿನಿಂದ ಉಂಟಾದ ಕಲ್ಲಿನಿಂದಲೇ ಕೆಲವರು ಮನೆ ಕಟ್ಟಿಕೊಂಡಿದ್ದಾರೆ. ಜನವಸತಿಯ ಜಾಗಗಳಲ್ಲಿ ನೈಸರ್ಗಿಕ ವಿಕಿರಣ ಅತಿ ಹೆಚ್ಚಿರುವ ತಾಣಗಳಲ್ಲಿ ಇದೂ ಒಂದು. (ಭೌತಶಾಸ್ತ್ರ ಓದುವವರು ಇದನ್ನು ನೆನಪಿಡಿ, ನಮಗೆ ಈಗ ಬೇಕಾದದ್ದು ಹಕ್ಕಿಗಳು.)

ಕ್ಯಾಸ್ಪಿಯನ್ನಿನ ದಕ್ಷಿಣ ದಡದ ಜವುಗು ಪ್ರದೇಶಗಳಿಗೆ ಚಳಿಗಾಲದಲ್ಲಿ ಉತ್ತರದಿಂದ ಬಾತುಗಳು ಬರುತ್ತವೆ. 1971ರ ಫೆಬ್ರವರಿಯಲ್ಲಿ 18 ದೇಶಗಳ ಪ್ರತಿನಿಧಿಗಳು ರಾಮ್ಸರಿನಲ್ಲಿ ಸೇರಿ, ಜೌಗು ನೆಲಗಳನ್ನು ಕಾಪಾಡುವ ಒಪ್ಪಂದ ಮಾಡಿಕೊಂಡರು. ಭಾರತ 1982ರಲ್ಲಿ ಸೇರಿತು. ಕರ್ನಾಟಕದಿಂದ 2022ರಲ್ಲಿ ರಂಗನತಿಟ್ಟು, 2024ರಲ್ಲಿ ಅಘನಾಶಿನಿ ಅಳಿವೆ, ಗದಗ ಜಿಲ್ಲೆಯ ಮಾಗಡಿ ಕೆರೆ ಮತ್ತು ಅಂಕಸಮುದ್ರ ಪಟ್ಟಿಗೆ ಸೇರಿದವು.

ಒಂದು ಸ್ವಾರಸ್ಯ ಗಮನಿಸಿ. ಕ್ಯಾಸ್ಪಿಯನ್ ನಿಜವಾಗಿ ಸಮುದ್ರವಲ್ಲ. ನೀರು ಹೊರಹೋಗಲು ದಾರಿಯಿಲ್ಲದ, ಜಗತ್ತಿನ ಅತಿ ದೊಡ್ಡ ಸರೋವರ. ನಮ್ಮ ಹಿರಿಯರೂ ಕೆರೆ ಕಟ್ಟಿ ‘ಸಮುದ್ರ’ ಎಂದು ಕರೆದರು. ಎರಡರ ಲೆಕ್ಕವೂ ಒಂದೇ: ಬರುವ ನೀರು, ಆವಿಯಾಗುವ ನೀರು. ಕ್ಯಾಸ್ಪಿಯನ್ನಿಗೆ ನದಿಗಳಿಂದ ಬರುವ ನೀರಿನ ಸುಮಾರು ಐದರಲ್ಲಿ ನಾಲ್ಕು ಪಾಲು ವೋಲ್ಗಾ ನದಿಯದು. 1990ರ ದಶಕದ ನಡುವಿನಿಂದ ಅದರ ಮಟ್ಟ ಇಳಿಯುತ್ತಿದೆ, ದಡ ಹಿಂದೆ ಸರಿಯುತ್ತಿದೆ.

ಅಂಕಸಮುದ್ರದ ವಿಸ್ತಾರ 98.76 ಹೆಕ್ಟೇರ್. ಶತಮಾನಗಳ ಹಿಂದೆ ಹೊಲಗಳಿಗಾಗಿ ಕಟ್ಟಿದ ಕೆರೆಯಲ್ಲಿ ಇಂದು 30,000ಕ್ಕೂ ಹೆಚ್ಚು ನೀರುಹಕ್ಕಿಗಳು ಗೂಡು ಕಟ್ಟುತ್ತವೆ, ತಂಗುತ್ತವೆ. ಬಣ್ಣದ ಕೊಕ್ಕರೆ ಕೊಕ್ಕನ್ನು ಅರೆತೆರೆದು ನೀರಿನಲ್ಲಿಳಿಸಿ, ಮೀನು ತಾಕಿದ ಕ್ಷಣ ಮುಚ್ಚುತ್ತದೆ. ಕರಿತಲೆಯ ಕೆಂಬರಲು ಬಾಗಿದ ಕೊಕ್ಕಿನಿಂದ ಕೆಸರು ಕೆದಕುತ್ತದೆ. ಇಬ್ಬರಿಗೂ ಕಾಲು ನೆಲಕ್ಕೆ ಎಟುಕುವಷ್ಟೇ ಆಳ ಬೇಕು. ಆಳವಾದ ಜಲಾಶಯದ ನಡುನೀರು ಇವಕ್ಕೆ ಪ್ರಯೋಜನವಿಲ್ಲ.

ಗೂಡಿಗೆ ಕೆರೆಯೊಳಗಿನ ಜಾಲಿಮರಗಳು. ಸುತ್ತ ನೀರಿದ್ದರೆ ಕಾಡುಬೆಕ್ಕು, ನಾಯಿ, ನರಿ ಮರದ ಬುಡಕ್ಕೆ ಸುಲಭವಾಗಿ ಬರಲಾರವು. ಮರಿಗಳು ಹಾರುವ ಮೊದಲೇ ಕೆರೆ ಬತ್ತಿದರೆ ಆ ಕಾವಲು ಹೋಯಿತು. ಹಾಗೆಂದು ವರ್ಷಪೂರ್ತಿ ತುಂಬಿಸಿಟ್ಟರೂ ಕಷ್ಟವೇ. ಬೇರಿಗೆ ಗಾಳಿ ಸಿಗದೆ ಜಾಲಿ ನಿಂತಲ್ಲೇ ಒಣಗಿ ಒಂದು ದಿನ ಉರುಳುತ್ತದೆ. ನೀವು ಏರಿಯ ಮೇಲೆ ಹೋದಾಗ ಹಕ್ಕಿಗಳನ್ನು ಎಣಿಸುವ ಮೊದಲು ಹಸಿರಾಗಿರುವ ಮರ ಎಷ್ಟು, ಒಣಗಿದ ಮರ ಎಷ್ಟು, ಎಳೆಯ ಸಸಿ ಎಷ್ಟು ಎಂದು ಎಣಿಸಿ, ತಾರೀಖು ಹಾಕಿ ಬರೆದಿಟ್ಟುಕೊಳ್ಳಿ; ಮುಂದಿನ ವರ್ಷ ಅದೇ ತಿಂಗಳು ಮತ್ತೆ ಎಣಿಸಿ.