ನಮ್ಮೂರ ನದಿ ಕೊರೆದ ಗಂಡಿ

ಕಲ್ಲು ಗಟ್ಟಿಯೋ, ನೀರು ಗಟ್ಟಿಯೋ? ಯಾರನ್ನು ಕೇಳಿದರೂ ಕಲ್ಲು ಎನ್ನುತ್ತಾರೆ. ಗಂಡಿಕೋಟವನ್ನು ನೋಡಿ ಬಂದವರು ಮಾತ್ರ ಸ್ವಲ್ಪ ಯೋಚಿಸಿ ಉತ್ತರ ಹೇಳುತ್ತಾರೆ.

ಗಂಡಿಕೋಟ ಇರುವುದು ಆಂಧ್ರಪ್ರದೇಶದ ಕಡಪ ಜಿಲ್ಲೆಯಲ್ಲಿ, ಜಮ್ಮಲಮಡುಗು ಪಟ್ಟಣದಿಂದ ಸುಮಾರು 15 ಕಿ.ಮೀ. ದೂರದಲ್ಲಿ. ಇಲ್ಲಿ ಪೆನ್ನಾ ನದಿ ಎರ್ರಮಲ ಬೆಟ್ಟಸಾಲನ್ನು ಸೀಳಿಕೊಂಡು ಸಾಗಿದೆ. ಎರಡೂ ಕಡೆ ಗೋಡೆ ಕಟ್ಟಿದಂತೆ ಕೆಂಪು ಬಂಡೆ. ನಡುವೆ ಸುಮಾರು 300 ಅಡಿ ಆಳದಲ್ಲಿ ಹಸಿರು ನೀರು. ಬೆಟ್ಟದ ನಡುವಿನ ಇಂಥ ಸಂದಿಗೆ ತೆಲುಗಿನಲ್ಲಿ ‘ಗಂಡಿ’ ಎನ್ನುತ್ತಾರೆ. ನಾವೂ ಬೇಲಿಯ ಗಂಡಿ, ಗೋಡೆಯ ಕಂಡಿ ಎನ್ನುವುದಿಲ್ಲವೇ? ಗಂಡಿಯ ಪಕ್ಕದಲ್ಲಿ ಕೋಟೆ ಇರುವುದರಿಂದ ಊರಿಗೂ ಅದೇ ಹೆಸರು.

ಕಳೆದ ಚಳಿಗಾಲದ ಒಂದು ಶನಿವಾರ ನಾವು ಐದು ಜನ ಹೊರಟೆವು. ನಾನು, ನನ್ನ ಹೆಂಡತಿ, ಕಾರು ಓಡಿಸಲು ಮಗ, ಆರನೇ ತರಗತಿಯ ಮೊಮ್ಮಗಳು, ಮೂರನೇ ತರಗತಿಯ ಮೊಮ್ಮಗ. ಬುತ್ತಿಗೆ ಚಿತ್ರಾನ್ನ, ಮೊಸರನ್ನ, ಒಂದು ಡಬ್ಬಿ ಚಕ್ಕುಲಿ. ಊಟಿ, ಮೈಸೂರು ಎಂದು ಮಕ್ಕಳು ಹಟ ಹಿಡಿದರೂ ನಾನು ಗಂಡಿಕೋಟವೇ ಆಗಬೇಕೆಂದೆ. ಅದಕ್ಕೊಂದು ಕಾರಣವಿತ್ತು.

ನಮ್ಮದು ಗೌರಿಬಿದನೂರಿನ ಹತ್ತಿರದ ಹಳ್ಳಿ. ಊರ ಪಕ್ಕದಲ್ಲೇ ಉತ್ತರ ಪಿನಾಕಿನಿ ಇದೆ. ಆದರೆ ಮೊಮ್ಮಕ್ಕಳು ಕಂಡಿರುವುದು ಜಾಲಿ ಬೆಳೆದ ಒಂದು ಒಣ ಹಳ್ಳವನ್ನು. ಒಳ್ಳೆಯ ಮಳೆಯಾದ ವರ್ಷ ಅದರಲ್ಲಿ ಕೆಂಪು ನೀರು ಬಂದರೆ ಊರಿಗೆ ಊರೇ ಸೇತುವೆಯ ಮೇಲೆ ನಿಂತು ನೋಡುತ್ತದೆ. ಒಮ್ಮೆ ಮೊಮ್ಮಗಳು ಕೇಳಿದಳು, “ತಾತ, ನೀರೇ ಇಲ್ಲದ್ದನ್ನ ನದಿ ಅಂತ ಯಾಕೆ ಕರೀಬೇಕು?” ಆ ಪ್ರಶ್ನೆಗೆ ಮನೆಯಲ್ಲಿ ಕುಳಿತು ಉತ್ತರ ಹೇಳುವುದು ಬೇಡ, ನದಿಯೇ ಹೇಳಲಿ ಅನಿಸಿತು.

ನಂದಿಯಿಂದ ಕಡಲಿಗೆ

ತೆಲುಗರ ಪೆನ್ನಾ ಬೇರೆ ಯಾವುದೂ ಅಲ್ಲ, ನಮ್ಮ ಉತ್ತರ ಪಿನಾಕಿನಿಯೇ. ಪಿನಾಕ ಎಂದರೆ ಶಿವನ ಬಿಲ್ಲು. ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಈ ನದಿ ಗೌರಿಬಿದನೂರು ದಾಟಿ, ಹಿಂದೂಪುರದ ಕಡೆ ಆಂಧ್ರಕ್ಕೆ ಹೋಗುತ್ತದೆ. ಅನಂತಪುರ, ಕಡಪ, ನೆಲ್ಲೂರು ಸೀಮೆಗಳನ್ನು ಹಾದು ಬಂಗಾಳ ಕೊಲ್ಲಿ ಸೇರುವ ಹೊತ್ತಿಗೆ ಅದು ನಡೆದ ದಾರಿ 597 ಕಿ.ಮೀ. ಬಾಗೇಪಲ್ಲಿಯ ಕಡೆ ಹರಿಯುವ ಚಿತ್ರಾವತಿಯೂ ನಮ್ಮ ಜಿಲ್ಲೆಯದೇ. ಅದು ಬೇರೆ ದಾರಿ ಹಿಡಿದು ಪುಟ್ಟಪರ್ತಿಯನ್ನು ಬಳಸಿಕೊಂಡು ಬಂದು ಗಂಡಿಕೋಟದ ಹತ್ತಿರ ಪೆನ್ನಾವನ್ನು ಸೇರುತ್ತದೆ. ಒಂದೇ ಜಿಲ್ಲೆಯ ಅಕ್ಕ ತಂಗಿಯರು ಪರಸೀಮೆಯಲ್ಲಿ ಭೇಟಿಯಾದ ಹಾಗೆ!

ಮರಳು ಕಲ್ಲಾಯಿತು, ಮರಳು ಕಲ್ಲನ್ನು ಕೊರೆಯಿತು

ಭಾನುವಾರ ಬೆಳಗಿನ ಜಾವ ಚಳಿಯಲ್ಲಿ ಮಕ್ಕಳನ್ನು ಎಬ್ಬಿಸಿಕೊಂಡು ಗಂಡಿಯ ಅಂಚಿಗೆ ಹೋದೆವು. ದೊಡ್ಡ ದೊಡ್ಡ ಚೌಕ ಬಂಡೆಗಳನ್ನು ಯಾರೋ ಒಂದರ ಮೇಲೊಂದು ಪೇರಿಸಿಟ್ಟಂತಿದ್ದವು. ಸೂರ್ಯ ಮೇಲೇರುತ್ತಿದ್ದಂತೆ ಎದುರಿನ ಗೋಡೆ ಮೊದಲು ಕಂದಾಗಿ, ಆಮೇಲೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ಮೊಮ್ಮಗ ನನ್ನ ಕೈ ಬಿಡದೆ ಬಗ್ಗಿ ನೋಡಿ, “ಇದನ್ನ ಜೆಸಿಬಿಯಿಂದ ಅಗೆದರಾ ತಾತ?” ಎಂದ.

ಮಕ್ಕಳೇ, ಈ ಬಂಡೆಯ ಕಥೆ ಕೇಳಿ. ನೂರು ಕೋಟಿ ವರ್ಷಗಳಿಗೂ ಹಿಂದೆ ಇಲ್ಲಿ ಆಳವಿಲ್ಲದ ಕಡಲಿತ್ತು. ಅದರ ತಳದಲ್ಲಿ ಮರಳು ಪದರ ಪದರವಾಗಿ ಕೂತಿತು. ಮೇಲಿನ ಭಾರಕ್ಕೆ ಕಣಗಳು ಒತ್ತಿಕೊಂಡು, ಬೆಸೆದುಕೊಂಡು ಬಹಳ ಗಟ್ಟಿಯಾದ ಕಲ್ಲಾದವು. ಭೂವಿಜ್ಞಾನಿಗಳು ಇದನ್ನು ಗಂಡಿಕೋಟ ಕ್ವಾರ್ಟ್‌ಜೈಟ್ ಎಂದೇ ಕರೆಯುತ್ತಾರೆ. ಕೆಲವು ಚಪ್ಪಡಿಗಳ ಮೇಲೆ ಆ ಹಳೆಯ ಕಡಲಿನ ಅಲೆಗಳು ಬಿಟ್ಟ ಗೆರೆಗಳನ್ನು ಇಂದಿಗೂ ಕಾಣಬಹುದು. ಕೆರೆಯ ಅಂಚಿನ ಮರಳಿನಲ್ಲಿ ಮೂಡುವ ಸುಕ್ಕುಗಳಂತೆಯೇ ಇರುತ್ತವೆ.

ಇಷ್ಟು ಗಟ್ಟಿ ಕಲ್ಲನ್ನು ಬರೀ ನೀರು ಕೊರೆಯಲಾರದು. ನದಿ ತನ್ನ ಜೊತೆ ಮರಳು, ನೊರಜುಗಲ್ಲು ಹೊತ್ತು ತರುತ್ತದೆ. ನೀರು ನೂಕುತ್ತದೆ, ಮರಳು ಉಜ್ಜುತ್ತದೆ. ಬಡಗಿ ಮರಳು ಕಾಗದ ಉಜ್ಜಿದ ಹಾಗೆ, ಪ್ರವಾಹದ ಮೇಲೆ ಪ್ರವಾಹ, ಲಕ್ಷಾಂತರ ವರ್ಷ. ತಳ ಸವೆದು ಆಳವಾದಂತೆ ಬಂಡೆಯಲ್ಲಿ ಮೊದಲೇ ಇದ್ದ ಬಿರುಕುಗಳ ಗುಂಟ ಚೌಕ ತುಂಡುಗಳು ಕಳಚಿ ಬೀಳುತ್ತವೆ. ಅದಕ್ಕೇ ಗೋಡೆಗಳು ಇಷ್ಟು ನೆಟ್ಟಗಿವೆ. ಹಳೆಯ ಮರಳು ಕಲ್ಲಾಯಿತು, ಹೊಸ ಮರಳು ಅದನ್ನು ಕೊರೆಯಿತು.

ಕೋಟೆಯೊಳಗೆ

ಮೂರು ಕಡೆ ಕಾಡು ಬೆಟ್ಟ, ಒಂದು ಕಡೆ ಇಂಥ ಪ್ರಪಾತ ಇರುವಾಗ ಕೋಟೆ ಕಟ್ಟಲು ಬೇರೆ ಜಾಗ ಯಾಕೆ ಬೇಕು? ವಿಜಯನಗರದ ಕಾಲದಲ್ಲಿ ಪೆಮ್ಮಸಾನಿ ನಾಯಕರು ಇದನ್ನು ಆಳಿದರು. ಆಮೇಲೆ ಗೋಲ್ಕೊಂಡದ ಸೇನಾಪತಿ ಮೀರ್ ಜುಮ್ಲಾ ಗೆದ್ದುಕೊಂಡ. 1652ರಲ್ಲಿ ಫ್ರಾನ್ಸಿನ ವಜ್ರ ವ್ಯಾಪಾರಿ ಟ್ಯಾವೆರ್ನಿಯೆ ಅವನನ್ನು ಕಾಣಲು ಇಲ್ಲಿಗೇ ಬಂದಿದ್ದ.

ಒಳಗೆ ಮಾಧವರಾಯನ ಗುಡಿಯ ಎತ್ತರದ ಗೋಪುರ, ರಂಗನಾಥನ ಗುಡಿ, ಜಾಮಿಯಾ ಮಸೀದಿ, ಅದರ ಹತ್ತಿರವೇ ದೊಡ್ಡ ಕಣಜ ಇವೆ. ಕಣಜದೊಳಗೆ ಮಕ್ಕಳು “ಓ” ಎಂದು ಕೂಗಿ ತಮ್ಮ ದನಿಯನ್ನೇ ವಾಪಸು ಪಡೆದರು. ನನ್ನ ಹೆಂಡತಿ ಅದರ ಎತ್ತರ ನೋಡಿ, “ಎಷ್ಟು ಪಲ್ಲ ರಾಗಿ ಹಿಡಿಸುತ್ತೋ!” ಎಂದು ಲೆಕ್ಕಕ್ಕೆ ಕೂತಳು.

“ನೀವು ಮೇಲಿನವರು”

ಗುಡಿಯ ನೆರಳಲ್ಲಿ ಕುರಿ ಕಾಯುವ ಹಿರಿಯರೊಬ್ಬರು ಕೂತಿದ್ದರು. ಗಡಿ ಸೀಮೆಯವರಾದ ನಮಗೆ ತೆಲುಗು ಮನೆಮಾತಿನಷ್ಟೇ ಸಲೀಸು. ಯಾವ ಊರು ಎಂದು ಕೇಳಿದರು. ಹೇಳಿದೆ. “ಓ, ಹಾಗಾದರೆ ನೀವು ನಮ್ಮ ನದಿಯ ಮೇಲಿನವರು! ಈಗೀಗ ನೀರು ಕಳಿಸೋದನ್ನೇ ನಿಲ್ಲಿಸಿಬಿಟ್ಟಿದ್ದೀರಲ್ಲ?” ಎಂದು ನಕ್ಕರು. ನಾನೂ ನಕ್ಕೆ. ಮೊಮ್ಮಗಳು ನಗಲಿಲ್ಲ. “ಮತ್ತೆ ಕೆಳಗಿರೋ ನೀರು?” ಎಂದಳು.

ಅವಳ ಪ್ರಶ್ನೆ ಸರಿಯಾಗಿತ್ತು. ಗಂಡಿಯ ಮೇಲ್ಗಡೆ ಗಂಡಿಕೋಟ ಜಲಾಶಯ, ಕೆಳಗಡೆ ಮೈಲವರಂ ಅಣೆಕಟ್ಟು ಇವೆ. ಶ್ರೀಶೈಲದ ಕಡೆಯಿಂದ ಕೃಷ್ಣಾ ನದಿಯ ಪ್ರವಾಹದ ನೀರನ್ನು ಗಾಲೇರು–ನಗರಿ ಕಾಲುವೆಯಲ್ಲಿ ತಂದು ಗಂಡಿಕೋಟ ಜಲಾಶಯ ತುಂಬಿಸುತ್ತಾರೆ. ಪೆನ್ನಾ ಕೊರೆದ ಮನೆಯಲ್ಲಿ ಈಗ ಕೃಷ್ಣೆಯೂ ವಾಸಕ್ಕಿದ್ದಾಳೆ.

“ನಮ್ಮೂರಲ್ಲಿ ನೀರು ಎಲ್ಲಿ ಹೋಯ್ತು ತಾತ?” ಎಂದು ಅವಳು ಬಿಡಲಿಲ್ಲ. ನಾನು ಕಂಡದ್ದನ್ನು ಹೇಳಿದೆ. ನಾನು ಹುಡುಗನಾಗಿದ್ದಾಗ ನದಿಯ ತುಂಬ ಆಳುದ್ದ ಮರಳಿತ್ತು. ಬೇಸಿಗೆಯಲ್ಲೂ ಮೊಳದುದ್ದ ತೋಡಿದರೆ ಒರತೆ ಒಸರುತ್ತಿತ್ತು. ನಮ್ಮಮ್ಮ ತಂಬಿಗೆಯಲ್ಲಿ ಮೊಗೆದು ಬಿಂದಿಗೆ ತುಂಬುತ್ತಿದ್ದರು. ಮಳೆಗಾಲದ ನೀರನ್ನು ಬೇಸಿಗೆಯವರೆಗೆ ಬಚ್ಚಿಟ್ಟು ಕಾಪಾಡುತ್ತಿದ್ದದ್ದು ಆ ಮರಳೇ. ಆಮೇಲೆ ಲಾರಿಗಳು ಬಂದವು, ಮರಳು ಪೇಟೆಯ ಕಟ್ಟಡಗಳಿಗೆ ಹೋಯಿತು. ಕೆರೆಗಳಿಗೆ ನೀರು ತರುವ ಕಾಲುವೆಗಳು ಮುಚ್ಚಿದವು. ಕೊಳವೆಬಾವಿಗಳು ನೂರು ಅಡಿಯಿಂದ ಸಾವಿರ ಅಡಿಗೆ ಇಳಿದವು. ಮೇಲೆ ಬಿದ್ದ ಮಳೆ ನಿಲ್ಲಲು ಜಾಗವಿಲ್ಲದೆ ಒಂದೇ ದಿನದಲ್ಲಿ ಓಡಿಹೋಯಿತು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಬೆಟ್ಟ ಕೊರೆಯೋಕೂ ಮರಳೇ ಬೇಕು, ನೀರು ಇಟ್ಟುಕೊಳ್ಳೋಕೂ ಮರಳೇ ಬೇಕು. ಅದನ್ನೇ ತೆಗೆದುಬಿಟ್ಟರೆ ನದಿ ಏನು ಮಾಡುತ್ತೆ?” ಎಂದಳು. ನನ್ನ ಹತ್ತಿರ ಅದಕ್ಕಿಂತ ಚೆನ್ನಾದ ವಿವರಣೆ ಇರಲಿಲ್ಲ.

ಓದುತ್ತಿರುವ ಅಜ್ಜ ಅಜ್ಜಿಯರೇ, ನಿಮ್ಮೂರ ಹಳ್ಳದಲ್ಲಿ ಎಲ್ಲಿ ಈಜುತ್ತಿದ್ದಿರಿ, ಎಲ್ಲಿ ಒರತೆ ತೋಡುತ್ತಿದ್ದಿರಿ, ಮೊಮ್ಮಕ್ಕಳಿಗೆ ಜಾಗ ತೋರಿಸಿ ಹೇಳಿ. ಮಕ್ಕಳೇ, ನೀವೊಂದು ಪ್ರಯೋಗ ಮಾಡಿ. ಒಂದು ಲೋಟದ ತುಂಬ ಮರಳು ಹಾಕಿ, ಮೆಲ್ಲಗೆ ನೀರು ಹುಯ್ಯಿರಿ. ತುಂಬಿದ ಲೋಟ ಎಷ್ಟು ನೀರು ಕುಡಿಯುತ್ತದೆ ಎಂದು ಅಳೆದು ಬರೆದಿಡಿ.

ಹೋಗುವವರಿಗೆ

ಬೆಂಗಳೂರಿನಿಂದ ಸುಮಾರು 280 ಕಿ.ಮೀ.; ಚಿಕ್ಕಬಳ್ಳಾಪುರ, ಕದಿರಿ, ಮುದ್ದನೂರು, ಜಮ್ಮಲಮಡುಗು ಮಾರ್ಗ. ರೈಲಿನಲ್ಲಿ ಬರುವವರು ಮುದ್ದನೂರಿನಲ್ಲಿ ಇಳಿಯಬಹುದು. ಅಕ್ಟೋಬರ್‌ನಿಂದ ಫೆಬ್ರವರಿವರೆಗೆ ಹವೆ ಹಿತ. ಬೇಸಿಗೆಯ ಬಿಸಿಲು ವಯಸ್ಸಾದವರಿಗೆ ತಡೆಯದು. ಉಳಿಯಲು ಆಂಧ್ರ ಪ್ರವಾಸೋದ್ಯಮದ ಹೋಟೆಲ್ ಇದೆ, ಮುಂಗಡ ಕಾದಿರಿಸಿ. ಕುಡಿಯುವ ನೀರು, ಟೋಪಿ, ಜಾರದ ಚಪ್ಪಲಿ ಇರಲಿ. ಗಂಡಿಯ ಅಂಚಿನಲ್ಲಿ ಎಲ್ಲ ಕಡೆ ತಡೆಬೇಲಿ ಇಲ್ಲ. ಚಿಕ್ಕವರ ಕೈ ಹಿಡಿದುಕೊಳ್ಳಿ, ಸೆಲ್ಫಿಗಾಗಿ ಅಂಚಿಗೆ ಹೋಗಬೇಡಿ. ಇನ್ನೊಂದು ದಿನ ಇದ್ದರೆ ಬೇಲಂ ಗುಹೆಗಳನ್ನೂ ನೋಡಿ ಬನ್ನಿ.