ಡೇಟು ಮುಗಿದ ಔಷಧಿ: ಯಾವುದು ನಡೆದೀತು, ಯಾವುದು ಬೇಡ?

ನಮ್ಮ ದೇವರಾಯಸಮುದ್ರದ ಕಡೆ ಮನೆಮನೆಯಲ್ಲೂ ಒಂದು ಔಷಧಿ ಡಬ್ಬ ಇರುತ್ತೆ. ಅದರೊಳಗೆ ಉಳಿದ ಜ್ವರದ ಮಾತ್ರೆ, ಯಾವಾಗಲೋ ತಂದ ಕಣ್ಣಿನ ಹನಿ, ಗಾಯದ ಮುಲಾಮು, ಸುತ್ತಿಟ್ಟ ಬ್ಯಾಂಡೇಜು. ಕುಡುಗೋಲು ತಾಗಿದರೆ, ಮಗುವಿಗೆ ಭೇದಿ ಹತ್ತಿದರೆ ಕೈ ಹೋಗುವುದು ಅಲ್ಲಿಗೇ. ಡೇಟು ನೋಡಿದರೆ ಹೋದ ವರ್ಷವೇ ಮುಗಿದಿರುತ್ತೆ. ಎಸೆಯೋಣ ಅಂದರೆ ದುಡ್ಡು ಕೊಟ್ಟು ತಂದದ್ದು. ಬಳಸೋಣ ಅಂದರೆ ಹೆದರಿಕೆ. ಏನು ಮಾಡಬೇಕು?

ಡೇಟು ಅಂದರೇನು?

ಬಿತ್ತನೆ ಬೀಜದ ಚೀಲಕ್ಕೆ ಚೀಟಿ ಇರುತ್ತಲ್ಲ, ಇದೂ ಹಾಗೆಯೇ. ಹೇಳಿದಂತೆ ಇಟ್ಟರೆ ಇಂಥ ದಿನದವರೆಗೆ ಪೂರಾ ಶಕ್ತಿ ಇರುತ್ತೆ ಅಂತ ತಯಾರಿಸಿದವರು ಕೊಡುವ ಭರವಸೆ. ಜೂನ್ 2026 ಅಂತ ಬರೆದಿದ್ದರೆ ಜೂನ್ 30ರವರೆಗೆ ಲೆಕ್ಕ. ಮಾರನೇ ದಿನವೇ ಅದು ವಿಷ ಆಗುವುದಿಲ್ಲ, ಭರವಸೆ ಮುಗಿಯುತ್ತೆ.

ಅಮೆರಿಕದ ಸೈನ್ಯದ ಔಷಧಿ ದಾಸ್ತಾನನ್ನು 1986ರಿಂದ ಹೀಗೆ ಪರೀಕ್ಷೆ ಮಾಡುತ್ತಾ ಬಂದಿದ್ದಾರೆ. 2006ರಲ್ಲಿ ಪ್ರಕಟವಾದ ಲೆಕ್ಕದಂತೆ 122 ಔಷಧಿಗಳ 3005 ಬ್ಯಾಚು ನೋಡಿದಾಗ, ನೂರಕ್ಕೆ 88 ಬ್ಯಾಚು ಡೇಟು ದಾಟಿ ಕನಿಷ್ಠ ಒಂದು ವರ್ಷ ಚೆನ್ನಾಗಿದ್ದವು. ಇದನ್ನು ಓದಿ ನಾವು ಕುಣಿಯಬಾರದು. ಅವು ಒಡೆಯದ ಪೊಟ್ಟಣದಲ್ಲಿ, ಸರಿಯಾದ ಉಗ್ರಾಣದಲ್ಲಿ ಇಟ್ಟವು. ನಮ್ಮ ಡಬ್ಬ ಇರುವುದು ಪಂಪ್‌ಮನೆಯ ಶೀಟಿನ ಕೆಳಗೆ, ಇಲ್ಲವೇ ಒಲೆ ಮೇಲಿನ ಗೂಡಿನಲ್ಲಿ. ಬಹಳಷ್ಟು ಔಷಧಿ ಮೇಲೆ 25 ಅಥವಾ 30 ಡಿಗ್ರಿ ಒಳಗೆ ಇಡಿ ಅಂತ ಬರೆದಿರುತ್ತೆ. ಏಪ್ರಿಲ್ ಬಿಸಿಲಿನಲ್ಲಿ ಶೀಟಿನ ಕೆಳಗೆ ಅಷ್ಟು ತಂಪು ಎಲ್ಲಿಂದ ಬರಬೇಕು? ಅಲ್ಲಿ ಡೇಟು ಇನ್ನೂ ಇರುವ ಔಷಧಿಯೇ ಕೆಟ್ಟಿರಬಹುದು.

ರಾಗಿಯಂಥವು, ಕಡಲೆಕಾಯಿಯಂಥವು

ಹಗೇವಿನಲ್ಲಿ ಹಾಕಿದ ರಾಗಿ ವರ್ಷಗಟ್ಟಲೆ ಇರುತ್ತಿತ್ತು. ಕಡಲೆಕಾಯಿ ಬೀಜ ಒಂದು ವರ್ಷ ದಾಟಿದರೆ ಮೊಳಕೆ ನಂಬುವ ಹಾಗಿಲ್ಲ. ಔಷಧಿ ಡಬ್ಬದಲ್ಲೂ ಈ ಎರಡು ಜಾತಿ ಇವೆ.

ಬಟ್ಟೆ ಪಟ್ಟಿ, ಹತ್ತಿ, ಉಳುಕಿಗೆ ಸುತ್ತುವ ಬ್ಯಾಂಡೇಜು ರಾಗಿಯಂಥವು. ಪೊಟ್ಟಣ ಹರಿದಿಲ್ಲ, ನೆನೆದಿಲ್ಲ ಅಂದರೆ ತರಚು ಗಾಯದ ಮೇಲೆ ಕಟ್ಟಲು ನಡೆಯುತ್ತೆ. ಆಳದ ಗಾಯಕ್ಕೆ, ಸುಟ್ಟ ಗಾಯಕ್ಕೆ ಹೊಸದೇ ಬೇಕು. ಅಂಟು ಪಟ್ಟಿ ಅಂಟದಿದ್ದರೆ, ರಬ್ಬರ್ ಗ್ಲೌಸ್ ಎಳೆದಾಗ ಬಿರುಕು ಬಿಟ್ಟರೆ ಬಿಸಾಕಿ.

ಜ್ವರದ ಒಣ ಮಾತ್ರೆ ನಡುವಿನದು. ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತೆ. ಪಟ್ಟಿಗೆ ಕೆಲವೇ ರೂಪಾಯಿ, ಹೊಸದು ತರುವುದೇ ವಾಸಿ.

ಓಆರ್‌ಎಸ್ ಪುಡಿ ಗಟ್ಟಿಯಾಗಿದ್ದರೆ, ಬಣ್ಣ ತಿರುಗಿದ್ದರೆ ಬೇಡ. ಹೊಸ ಪೊಟ್ಟಣ ಸಿಗದಿದ್ದರೆ ಮಗುವನ್ನು ಕಾಯಿಸಬೇಡಿ. ಕಾಯಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕರಗಿಸಿ ಕುಡಿಸುತ್ತಾ ಆಸ್ಪತ್ರೆ ದಾರಿ ಹಿಡಿಯಿರಿ. ಉಪ್ಪು ಜಾಸ್ತಿ ಆಗಬಾರದು. ಕಲಸಿದ ನೀರು 24 ಗಂಟೆ ಮೇಲೆ ಬೇಡ.

ಇನ್ನು ಕಡಲೆಕಾಯಿಯಂಥವು. ಕಣ್ಣಿನ ಹನಿ ಒಮ್ಮೆ ಮುಚ್ಚಳ ತೆಗೆದ ಮೇಲೆ ಸಾಮಾನ್ಯವಾಗಿ ಒಂದು ತಿಂಗಳು ಅಷ್ಟೆ, ಡೇಟು ಎಷ್ಟೇ ಇರಲಿ. ಸಿರಪ್ಪು, ಇಂಜೆಕ್ಷನ್ನು, ಸಕ್ಕರೆ ಕಾಯಿಲೆಯ ಇನ್ಸುಲಿನ್, ಎದೆನೋವಿಗೆ ನಾಲಗೆ ಕೆಳಗಿಡುವ ಮಾತ್ರೆ, ಇವಕ್ಕೆ ಡೇಟು ಮುಗಿದರೆ ಮುಗಿಯಿತು. ಆಂಟಿಬಯಾಟಿಕ್ ಮಾತ್ರೆಯೂ ಅಷ್ಟೆ. ಅರ್ಧ ಶಕ್ತಿಯ ಮಾತ್ರೆಗೆ ಕಾಯಿಲೆ ಬಗ್ಗುವುದಿಲ್ಲ. ಕೆಟ್ಟುಹೋದ ಹಳೇ ಟೆಟ್ರಾಸೈಕ್ಲಿನ್ ನುಂಗಿದವರಿಗೆ ಮೂತ್ರಪಿಂಡಕ್ಕೇ ಪೆಟ್ಟು ಬಿದ್ದದ್ದು 1963ರಲ್ಲೇ ವರದಿ ಆಗಿದೆ.

ದನಕರುಗಳ ಔಷಧಿಗೂ ಇದೇ ಲೆಕ್ಕ. ಐಸ್ ಡಬ್ಬದಿಂದ ಹೊರಗೆ ಉಳಿದ ಲಸಿಕೆಯನ್ನು ಡೇಟು ಇದೆ ಅಂತ ಹಾಕಿಸಬೇಡಿ.

ಹಾವು ಕಚ್ಚಿದರೆ ಡಬ್ಬ ಹುಡುಕಬೇಡಿ

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಪ್ರತಿವಿಷ. ಅದನ್ನು ಆಸ್ಪತ್ರೆಯಲ್ಲೇ ಕೊಡಬೇಕು, ಮನೆಯಲ್ಲಿ ಇಡುವಂಥದ್ದಲ್ಲ. ಬಿಗಿಯಾಗಿ ಕಟ್ಟಬೇಡಿ, ಕೊಯ್ಯಬೇಡಿ, ಬಾಯಿಂದ ಹೀರಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಮಾಡಿ, 108ಕ್ಕೆ ಫೋನ್ ಹಚ್ಚಿ. ಮುಳಬಾಗಿಲು ಆಸ್ಪತ್ರೆಯೋ, ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯೋ, ಬೇಗ ತಲುಪುವ ಕಡೆ ಹೊರಡಿ. ಹಾವು ಕಡಿತವನ್ನು ಆಸ್ಪತ್ರೆಗಳು ಸರ್ಕಾರಕ್ಕೆ ವರದಿ ಮಾಡಲೇಬೇಕು ಅಂತ 2024ರಲ್ಲಿ ನಮ್ಮ ರಾಜ್ಯದಲ್ಲಿ ಆದೇಶವೂ ಆಗಿದೆ.

ಒಟ್ಟಿನಲ್ಲಿ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಈ ಸಾಮಾನು ಕೈಕೊಟ್ಟರೆ ಜೀವಕ್ಕೆ ಅಪಾಯ ಇದೆಯಾ? ಇದೆ ಅಂದರೆ ಡೇಟು ಮುಗಿದದ್ದು ಬೇಡವೇ ಬೇಡ. ಬರೀ ಬಟ್ಟೆ, ಪಟ್ಟಿ ಆದರೆ ಕಣ್ಣಲ್ಲಿ ನೋಡಿ ಬಳಸಿ.

ಡಬ್ಬ ನೋಡಲು ನಾನು ಎರಡು ದಿನ ಇಟ್ಟುಕೊಂಡಿದ್ದೇನೆ, ಯುಗಾದಿ ಮತ್ತು ಆಯುಧಪೂಜೆ. ನೇಗಿಲು ಕುಡುಗೋಲು ತೊಳೆಯುವ ದಿನ ಡಬ್ಬವನ್ನೂ ಜಗಲಿಗೆ ತಂದು ಸುರಿಯುತ್ತೇನೆ. ಮುಗಿಯುವ ತಿಂಗಳನ್ನು ದೊಡ್ಡದಾಗಿ ಬರೆದು ಅಂಟಿಸುತ್ತೇನೆ. ಮಾತ್ರೆಯ ಪಟ್ಟಿ ಕತ್ತರಿಸುವಾಗ ಡೇಟು ಇರುವ ತುದಿ ಕೊನೆಗೆ ಉಳಿಸುತ್ತೇನೆ. ಡಬ್ಬ ಇರುವುದು ಮನೆಯ ನಡುಕೋಣೆಯಲ್ಲಿ, ಮಕ್ಕಳ ಕೈಗೆ ಸಿಗದ ಎತ್ತರದಲ್ಲಿ, ಬಿಸಿಲು ಬೀಳದ ಗೋಡೆಗೆ. ಕೆಟ್ಟದ್ದನ್ನು ಕೆರೆಗೆ, ಬಾವಿಗೆ, ತಿಪ್ಪೆಗೆ ಹಾಕಬೇಡಿ. ದನ ಬಾಯಿ ಹಾಕುತ್ತವೆ. ಔಷಧಿ ಅಂಗಡಿಯಲ್ಲೋ, ಆರೋಗ್ಯ ಕೇಂದ್ರದಲ್ಲೋ ಕೇಳಿ, ತೆಗೆದುಕೊಳ್ಳುವ ಕಡೆ ಒಪ್ಪಿಸಿ.