ಅಡಿಕೆ ಗೋದಾಮಿಗೆ ಸಿಸಿ ಕ್ಯಾಮೆರಾ: ಎಷ್ಟು ಹಾಕ್ಸಿದ್ರಿ ಅನ್ನೋದಕ್ಕಿಂತ ವಿಡಿಯೊ ಎಷ್ಟು ದಿನ ಉಳಿಯುತ್ತೆ ಅನ್ನೋದು ಮುಖ್ಯ

ಚನ್ನಗಿರಿ: ರಾಶಿ ಅಡಿಕೆ ಕ್ವಿಂಟಲ್‌ಗೆ ಅರ್ಧ ಲಕ್ಷ ರೂಪಾಯಿ ಅಂತಿಟ್ಟುಕೊಳ್ಳಿ. 65–70 ಕೆಜಿಯ ಒಂದೇ ಒಂದು ಚೀಲ ಕಾಣೆಯಾದರೂ 30 ಸಾವಿರಕ್ಕಿಂತ ಹೆಚ್ಚು ಲುಕ್ಸಾನು. ಹಾಗಾಗಿ ಮಂಡಿ, ಗೋದಾಮುಗಳಲ್ಲಿ ಸಿಸಿ ಕ್ಯಾಮೆರಾ ಈಗ ಮಾಮೂಲು. ಆದರೆ ಮಾಲು ಕಡಿಮೆ ಬಂದ ದಿನ ಡಿವಿಆರ್ ತೆಗೆದು ನೋಡಿದರೆ ಬೇಕಾದ ದಿನದ ವಿಡಿಯೊನೇ ಇರಲ್ಲ. ಯಾಕೆ ಹೀಗಾಗುತ್ತೆ?

ಅಂಗಡಿ ಬೇರೆ, ಗೋದಾಮು ಬೇರೆ

ಕಿರಾಣಿ ಅಂಗಡಿಯ ಗಲ್ಲಾದಲ್ಲಿ ದುಡ್ಡು ಕಡಿಮೆಯಾದರೆ ಅವತ್ತು ಸಂಜೆಯೇ ಗೊತ್ತಾಗುತ್ತೆ. ಗೋದಾಮಿನಲ್ಲಿ ಹಾಗಲ್ಲ. ರೇಟು ಏರಲಿ ಅಂತ ಇಟ್ಟ ಅಡಿಕೆ ನಾಲ್ಕೈದು ತಿಂಗಳು ಅಲ್ಲೇ ಇರುತ್ತೆ. ಮಾರುವ ದಿನ ತೂಕ ಹಾಕಿದಾಗಲೇ ಕಡಿಮೆ ಬಂದಿದ್ದು ತಿಳಿಯೋದು. ಅಷ್ಟರಲ್ಲಿ ಹಳೇ ವಿಡಿಯೊ ಅಳಿಸಿ ಅದರ ಮೇಲೆ ಹೊಸದು ಕೂತಿರುತ್ತೆ.

ಆಗ ಎಲ್ಲರ ಕಣ್ಣು ಮೊದಲು ಬೀಳೋದು ಹಮಾಲರ ಮೇಲೆ, ಇಲ್ಲವೇ ವಾಚ್‌ಮನ್ ಮೇಲೆ. ಒಣಗಿದ ಹಾಗೆ ಅಡಿಕೆ ತೂಕ ಇಳಿಯೋದೂ ಉಂಟು. ಕದ್ದು ಹೋಗಿದ್ದಾ, ಒಣಗಿ ಕಡಿಮೆಯಾಗಿದ್ದಾ ಅಂತ ಹೇಳೋಕೆ ಚೀಲದ ಲೆಕ್ಕ, ತೂಕದ ಚೀಟಿ, ವಿಡಿಯೊ ಮೂರೂ ಬೇಕು. ಅವಿಲ್ಲದಿದ್ದರೆ ಮಾಲೀಕರ ದುಡ್ಡು ಹೋಗುತ್ತೆ, ಏನೂ ಮಾಡದ ಕೂಲಿಯವನ ಮರ್ಯಾದೆಯೂ ಹೋಗುತ್ತೆ.

ಹಾರ್ಡ್‌ಡಿಸ್ಕ್ ಲೆಕ್ಕ

2 ಮೆಗಾಪಿಕ್ಸೆಲ್‌ನ ಒಂದು ಕ್ಯಾಮೆರಾ ಸೆಕೆಂಡಿಗೆ 2 ಮೆಗಾಬಿಟ್ ಲೆಕ್ಕದಲ್ಲಿ ರೆಕಾರ್ಡ್ ಮಾಡಿದರೆ ದಿನಕ್ಕೆ ಸುಮಾರು 21 ಜಿಬಿ ಆಗುತ್ತೆ. 8 ಕ್ಯಾಮೆರಾ ಇದ್ದರೆ ದಿನಕ್ಕೆ 170 ಜಿಬಿ ದಾಟುತ್ತೆ. ಅಂದರೆ 1 ಟಿಬಿ ಡಿಸ್ಕ್ ಒಂದು ವಾರವೂ ಬರಲ್ಲ. 30 ದಿನ ಉಳಿಯಬೇಕಂದ್ರೆ 6 ಟಿಬಿ ಬೇಕು. ಕೊಟೇಶನ್ ತಗೊಳ್ಳುವಾಗ ‘ಎಷ್ಟು ಕ್ಯಾಮೆರಾ’ ಅಂತ ಮಾತ್ರ ಕೇಳಿದರೆ ಸಾಲದು, ‘ಎಷ್ಟು ದಿನದ ರೆಕಾರ್ಡಿಂಗ್’ ಅಂತಲೂ ಬರೆಸಿಕೊಳ್ಳಿ.

ಐದು ತಿಂಗಳ ವಿಡಿಯೊ ಪೂರ್ತಿ ಇಡೋದು ಯಾರಿಗೂ ಗಿಟ್ಟಲ್ಲ. ಅದಕ್ಕೆ ಎರಡು ದಾರಿ ಇದೆ.

1. ತಿಂಗಳಿಗೆ ಎರಡು ಸಲ ಚೀಲ ಎಣಿಸಿ. ಒಂದು ಎಣಿಕೆಯಿಂದ ಇನ್ನೊಂದು ಎಣಿಕೆಗೆ ಇರುವ ಅಂತರ ರೆಕಾರ್ಡಿಂಗ್ ಉಳಿಯುವ ದಿನಗಳಿಗಿಂತ ಕಡಿಮೆ ಇರಲೇಬೇಕು.

2. ಲೋಡು ಬಂದ, ಹೋದ ಹೊತ್ತಿನ ಬಾಗಿಲ ವಿಡಿಯೊ ಮಾತ್ರ ಬೇರೆ ಡಿಸ್ಕಿಗೆ ಕಾಪಿ ಮಾಡಿ. ಗಂಟೆಗೆ 1 ಜಿಬಿಯೂ ಆಗಲ್ಲ. ಫೈಲಿನ ಹೆಸರಲ್ಲಿ ತಾರೀಖು, ಲಾರಿ ನಂಬರ್, ಚೀಟಿ ನಂಬರ್ ಹಾಕಿಡಿ.

ಎಲ್ಲಿ ಹಾಕಬೇಕು?

ಲೋಡಿಂಗ್ ಬಾಗಿಲು, ತೂಕದ ಯಂತ್ರ, ಗೇಟು. ಈ ಮೂರು ಜಾಗ ಮೊದಲು, ಉಳಿದಿದ್ದು ಆಮೇಲೆ. ತೂಕದ ಯಂತ್ರದ ಅಂಕಿ ಪರದೆ ಮೇಲೆ ಓದೋಕೆ ಬರಬೇಕು.

ಹಗಲಲ್ಲಿ ಬಾಗಿಲ ಹೊರಗೆ ಬಿಸಿಲು, ಒಳಗೆ ಕತ್ತಲು. ಒಳಗೆ ಬರುವವರ ಮುಖ ಬರೀ ಕಪ್ಪು ನೆರಳಾಗಿ ಕಾಣುತ್ತೆ. ಬಾಗಿಲಿಗೆ ‘ಡಬ್ಲ್ಯುಡಿಆರ್’ ಇರುವ ಕ್ಯಾಮೆರಾನೇ ಕೇಳಿ. ಸೂರಿನ ತುದಿಗೆ ಹಾಕಿದರೆ ಟೋಪಿ, ತಲೆ ಮಾತ್ರ ಕಾಣುತ್ತೆ. ಮುಖ ಬೇಕಂದ್ರೆ ಎಂಟು ಅಡಿ ಎತ್ತರ ಸಾಕು. ಲಾರಿ ನಂಬರ್ ಓದೋಕೆ ಅಗಲ ನೋಟದ 2.8 ಎಂಎಂ ಲೆನ್ಸ್ ಆಗಲ್ಲ, ಗೇಟಿಗೆ 6 ಎಂಎಂ ಅಥವಾ ಅದಕ್ಕಿಂತ ಹೆಚ್ಚಿನದು ಹಾಕ್ಸಿ. ಅಡಿಕೆ ಧೂಳು, ಜೇಡರ ಬಲೆ ಇದ್ದರೆ ರಾತ್ರಿ ಚಿತ್ರ ಪೂರ್ತಿ ಬೆಳ್ಳಗಾಗುತ್ತೆ. ವಾರಕ್ಕೊಮ್ಮೆ ಒಣ ಬಟ್ಟೆಯಲ್ಲಿ ಒರೆಸಿ.

ಆಳುಗಳು ಬಟ್ಟೆ ಬದಲಿಸುವ ಕೋಣೆ, ಶೌಚಾಲಯದ ಕಡೆ ಕ್ಯಾಮೆರಾ ಬೇಡವೇ ಬೇಡ. ಹೆಣ್ಣುಮಕ್ಕಳ ಖಾಸಗಿ ದೃಶ್ಯ ಸೆರೆಹಿಡಿಯೋದು ಭಾರತೀಯ ನ್ಯಾಯ ಸಂಹಿತೆಯ 77ನೇ ಸೆಕ್ಷನ್ ಪ್ರಕಾರ ಅಪರಾಧ.

ಡಿವಿಆರ್ ಕಳ್ಳರ ಕೈಗೆ ಸಿಗಬಾರದು

ತಿಳಿದ ಕಳ್ಳರು ಹೋಗುವಾಗ ಡಿವಿಆರ್ ಕೂಡ ಹೊತ್ತೊಯ್ಯುತ್ತಾರೆ. ಅದನ್ನ ಗೋದಾಮಿನ ಮೇಜಿನ ಮೇಲೆ ಇಡಬೇಡಿ. ಬೀಗ ಹಾಕಿದ ಬೇರೆ ಕೋಣೆಯಲ್ಲಿಡಿ. ಡಿವಿಆರ್, ಕ್ಯಾಮೆರಾ ಎರಡಕ್ಕೂ ಯುಪಿಎಸ್ ಇರಲಿ. ಇಲ್ಲದಿದ್ದರೆ ಫ್ಯೂಸ್ ಕಿತ್ತರೆ ಮುಗೀತು. ಕಂಪನಿ ಕೊಟ್ಟ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಕರೆಂಟ್ ಹೋಗಿ ಬಂದಾಗ ಗಡಿಯಾರ ಸರಿ ಇದೆಯಾ ನೋಡಿ. ಟೈಮ್ ತಪ್ಪಿದ್ದರೆ ಕೋರ್ಟಿನಲ್ಲಿ ಎದುರು ವಕೀಲರು ಮೊದಲು ಹಿಡಿಯೋದೇ ಅದನ್ನ.

ಕಳವಾದ ಮೇಲೆ

ಪರದೆಯನ್ನ ಮೊಬೈಲ್‌ನಲ್ಲಿ ಶೂಟ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕೋದು ಸಾಕ್ಷಿ ಆಗಲ್ಲ. ಹಳೇದು ಅಳಿಯುವ ಮೊದಲೇ ಪೊಲೀಸರಿಗೆ ತಿಳಿಸಿ, ಮೂಲ ಫೈಲನ್ನೇ ಕಾಪಿ ಮಾಡಿಸಿ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಪ್ರಕಾರ ವಿಡಿಯೊ ಕಾಪಿ ಜೊತೆ ಪ್ರಮಾಣಪತ್ರ ಬೇಕು. ಅದರ ಒಂದು ಭಾಗಕ್ಕೆ ಡಿವಿಆರ್ ನೋಡಿಕೊಳ್ಳುವವರು, ಇನ್ನೊಂದಕ್ಕೆ ತಜ್ಞರು ಸಹಿ ಹಾಕಬೇಕು. ಹಳೇ ಕಾಯ್ದೆ ಇದ್ದಾಗಲೇ, 2020ರಲ್ಲಿ, ಇಂಥ ಪ್ರಮಾಣಪತ್ರ ಕಡ್ಡಾಯ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು.

ಕ್ಯಾಮೆರಾ ಈಗಾಗಲೇ ಇರುವವರು ಇವತ್ತೇ ಒಂದು ಪರೀಕ್ಷೆ ಮಾಡಬಹುದು. ಡಿವಿಆರ್‌ನಲ್ಲಿ 20 ದಿನ ಹಿಂದಿನ ತಾರೀಖು ಒತ್ತಿ, ರಾತ್ರಿ 2 ಗಂಟೆಯ ವಿಡಿಯೊ ಹಾಕಿ ನೋಡಿ. ಬಾಗಿಲು ಸ್ಪಷ್ಟವಾಗಿ ಕಂಡರೆ ಸರಿ. ಖಾಲಿ ಪರದೆ ಬಂದರೆ ಕ್ಯಾಮೆರಾ ಹಾಕಿದವರಿಗೆ ನಾಳೆ ಬೆಳಿಗ್ಗೆಯೇ ಫೋನ್ ಮಾಡಿ.